ಸೋದರಳಿಯನ ಕೈಯಲ್ಲಿ ಗಡಿಯಾರ: ನಾನು ಅವನಿಗೆ ಏನು ಹೇಳಲಿ?

ಮುಳ್ಳೇರಿಯ ಹವಾಲ್ದಾರ – ಭಾನುವಾರ, ರಾತ್ರಿ 8.40

ಎಲ್ಲರಿಗೂ ನಮಸ್ಕಾರ. ಸೇನೆಯಲ್ಲಿದ್ದು ಬಂದವರು ಇಲ್ಲಿ ಹಲವರಿದ್ದೀರಿ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ. ನಾನು ಕಾಲಾಳು ಪಡೆಯಲ್ಲಿ 24 ವರ್ಷ ಇದ್ದು ಹವಾಲ್ದಾರನಾಗಿ ಹೊರಬಂದವನು. ಆಮೇಲೆ ಕಣ್ಣೂರಿಗೆ ಹೋಗಿ, ರಕ್ಷಣಾ ನೆಲೆಗಳನ್ನು ಕಾಯುವ ಪಡೆಯಾದ ಡಿಎಸ್‌ಸಿ ಸೇರಿ ಇನ್ನಷ್ಟು ವರ್ಷ ಗೇಟು ಕಾದೆ. ಈಗ ಮುಳ್ಳೇರಿಯ ಹತ್ತಿರ ಸ್ವಲ್ಪ ಅಡಿಕೆ, ಎರಡು ದನ.

ತಂಗಿಯ ಮಗ ಈ ವರ್ಷ ಹವಾಲ್ದಾರನಾದ. ತೋಳಿಗೆ ಮೂರನೆಯ ಪಟ್ಟಿ ಬಿದ್ದು ತಿಂಗಳು ತುಂಬಿಲ್ಲ. ನಮ್ಮ ಕಡೆ ಅಳಿಯನಿಗೆ ತಂದೆಗಿಂತ ಮಾವನ ಮಾತೇ ಹೆಚ್ಚು. ಕಷ್ಟ ಬಂದರೆ ಫೋನು ಬರುವುದು ನನಗೆ. ಮೊನ್ನೆ ರಾತ್ರಿ, "ಮಾವ, ಒಂದು ವಿಷಯ ಕೇಳಲಿಕ್ಕಿದೆ, ಅಮ್ಮನಿಗೆ ಹೇಳಬೇಡಿ" ಎಂದ. ಮದುವೆಯ ವಿಷಯವೇ ಇರಬೇಕೆಂದು ನಾನು ಅಂಗಳಕ್ಕೆ ಇಳಿದೆ. ಅದಲ್ಲ, ಬಿಪಿಇಟಿಯ ವಿಷಯ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಬಂದೂಕು ಮತ್ತು ಬೆನ್ನಿನ ಹೊರೆಯೊಂದಿಗೆ 5 ಕಿಲೋಮೀಟರ್ ಓಟ, 60 ಮೀಟರ್ ಓಟ, ಹಗ್ಗ ಹತ್ತುವುದು, 9 ಅಡಿಯ ಹೊಂಡ ಹಾರುವುದು, ಇಷ್ಟು ಸೇರಿದರೆ ಬಿಪಿಇಟಿ, ಸೈನಿಕನ ದೈಹಿಕ ಸಾಮರ್ಥ್ಯದ ಪರೀಕ್ಷೆ. ನನ್ನ ಕಾಲದಲ್ಲಿ 30 ದಾಟದ ಹುಡುಗ 5 ಕಿಲೋಮೀಟರನ್ನು 28 ನಿಮಿಷದೊಳಗೆ ಮುಗಿಸಿದರೆ ಪಾಸು, 25ರೊಳಗೆ ಬಂದರೆ ಎಕ್ಸಲೆಂಟ್. ಉಸ್ತುವಾರಿ ಅಧಿಕಾರಿಯದು. ಆದರೆ ಗೆರೆಯ ಹತ್ತಿರ ನಿಂತು ಗಡಿಯಾರ ಒತ್ತುವವನು, ಹೆಸರಿನ ಮುಂದೆ ಸಮಯ ಬರೆಯುವವನು ಹೆಚ್ಚಾಗಿ ಹವಾಲ್ದಾರ.

ಅಳಿಯನ ಪಟ್ಟಿಯಲ್ಲಿ ಮೂವರು ತಡವಾಗಿ ಬಂದರು. ಒಬ್ಬ 28.50, ಇನ್ನೊಬ್ಬ 29.20, ಮೂರನೆಯವನು ಅರ್ಧ ಗಂಟೆಯನ್ನೂ ದಾಟಿಸಿದ. ಮೇಲಿನವರೊಬ್ಬರು ಕರೆದು ಮೆಲ್ಲಗೆ, "ಮೂರನ್ನೂ 27 ಚಿಲ್ಲರೆ ಎಂದು ಹಾಕಿಬಿಡು, ಕಂಪನಿಯ ಲೆಕ್ಕ ಕೆಡುವುದು ಬೇಡ" ಎಂದರಂತೆ. ಬೈಯಲಿಲ್ಲ, ಹೆದರಿಸಲಿಲ್ಲ, ಚಹಾ ಕುಡಿಸಿ ಹೇಳಿದ್ದು. ಅಳಿಯ ಪೆನ್ಸಿಲಿನಲ್ಲಿ ಬರೆದ ಹಾಳೆಯನ್ನು ಇನ್ನೂ ಜೇಬಿನಲ್ಲಿಟ್ಟುಕೊಂಡಿದ್ದಾನೆ. ಮಂಗಳವಾರ ಶಾಯಿಯಲ್ಲಿ ಬರೆದು ಕೊಡಬೇಕು.

"ಸತ್ಯ ಬರೆ" ಎಂದು ಹೇಳಲು ನನಗೆ ಒಂದು ಕ್ಷಣವೂ ಬೇಡ. ಆದರೆ ಹೇಳಲಾಗಲಿಲ್ಲ. ಏಕೆಂದರೆ ನಾನೇ ಒಮ್ಮೆ ಸುಳ್ಳು ಬರೆದವನು. 29 ನಿಮಿಷ ದಾಟಿಸಿದ ಹುಡುಗನಿಗೆ 27.50 ಹಾಕಿದೆ. ಒಳ್ಳೆಯ ಹುಡುಗ, ಮುಂದಿನ ಕೇಡರಿಗೆ, ಎಂದರೆ ಬಡ್ತಿಯ ತರಬೇತಿಗೆ, ಹೋಗಬೇಕಿತ್ತು. ರಜೆ ಮುಗಿಸಿ ಬರುವಾಗ ಕೋಝಿಕ್ಕೋಡಿನ ಹಲ್ವದ ಒಂದು ಕಟ್ಟು ತಂದು ನನ್ನ ಟ್ರಂಕಿನ ಮೇಲಿಟ್ಟು, ಏನೂ ಹೇಳದೆ ಹೋದ. ನಾನು ತಿಂದೆ. ಅಲ್ಲಿಂದ ಮುಂದೆ ಅವನು ಬೆಳಗಿನ ಓಟದಲ್ಲಿ ಹಿಂದೆ ಬಿದ್ದರೂ ಗದರಿಸಲು ನನಗೆ ಬಾಯಿ ಬರಲಿಲ್ಲ.

ಕೆಲವು ತಿಂಗಳ ಬಳಿಕ ಗುಡ್ಡದಲ್ಲಿ ರಾತ್ರಿ ಗಸ್ತು. ಅವನಿಂದ ನಡೆಯಲಾಗದೆ ಅವನ ಹೊರೆಯನ್ನು ಇನ್ನೊಬ್ಬನ ಬೆನ್ನಿಗೆ ಹಾಕಿದೆವು. ಎರಡು ಹೊರೆ ಹೊತ್ತವನು ಜಾರಿ ಬಿದ್ದು ಕಾಲು ಮುರಿದುಕೊಂಡ. ಮಳೆಯಿತ್ತು, ಕತ್ತಲೆಯಿತ್ತು, ಹೊರೆ ಒಂದೇ ಇದ್ದರೂ ಅವನು ಬೀಳುತ್ತಿದ್ದನೇನೋ. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಈಗ ಇದನ್ನು ಅಳಿಯನಿಗೆ ಹೇಳಬೇಕೇ, ಬರೀ ಉಪದೇಶ ಸಾಕೇ?

ಜತ್ತದ ಸುಬೇದಾರ್ – ಭಾನುವಾರ, ರಾತ್ರಿ 9.55

ಹವಾಲ್ದಾರರೇ, ನಮಸ್ಕಾರ. ನಾನು ಜತ್ತ ತಾಲೂಕಿನವನು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಪಲ್ಟಣದಲ್ಲಿ ಹಿಂದಿ. ಬೆಳಗಾವಿಯಲ್ಲಿ ಮರಾಠಾ ರೆಜಿಮೆಂಟಿನ ಸೆಂಟರಿನಲ್ಲಿ ಬೂಟು ಹಾಕಿದವನು. "ಕರ್ತವ್ಯ, ಮಾನ, ಸಾಹಸ" ಎಂಬ ಮೂರು ಮಾತನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಆದರೂ ನಿಮ್ಮ ಅಳಿಯನಿಗೆ ನಾನು "ಸತ್ಯ ಬರೆ" ಎಂದು ತಟ್ಟನೆ ಹೇಳುವುದಿಲ್ಲ.

ಮೊದಲು ಒಂದು ಪ್ರಶ್ನೆ. ಆ ಮೂವರು ಹಿಂದಿನ ರಾತ್ರಿ ಎಲ್ಲಿದ್ದರು? ನನಗೆ ಗೊತ್ತಿರುವ ಕಂಪನಿಗಳಲ್ಲಿ ಅರ್ಧ ಜನ ರಜೆ, ಕೋರ್ಸು, ಆಸ್ಪತ್ರೆ. ಉಳಿದವರ ಮೇಲೆಯೇ ಗಾರ್ಡು, ಫಟೀಗಿನ ಮೈಕೆಲಸ, ಲಂಗರಿನ ಅಡುಗೆಕೆಲಸ. ಎರಡು ಗಂಟೆ ಸೆಂಟ್ರಿ, ನಾಲ್ಕು ಗಂಟೆ ಬಿಡುವು ಎಂದು ರಾತ್ರಿಯಿಡೀ ಎದ್ದು ಕೂತವನನ್ನು ಬೆಳಿಗ್ಗೆ ಹೊರೆ ಹೊರಿಸಿ ಓಡಿಸಿದರೆ 29 ನಿಮಿಷ ಬರುವುದು ಹುಡುಗನ ತಪ್ಪೇ? ಅಂಥ ಸಮಯವನ್ನು ಶಾಯಿಯಲ್ಲಿ ಬರೆದು, ಕೇಡರು ತಪ್ಪಿಸಿ, ಬಡ್ತಿ ತಪ್ಪಿಸಿ, ಪಿಂಚಣಿಯವರೆಗೂ ಅವನ ಮನೆಗೆ ನಷ್ಟ ಮಾಡುವುದು ಯಾವ ಪ್ರಾಮಾಣಿಕತೆ? ಗಡಿಯಾರಕ್ಕೆ ಕರುಣೆಯಿಲ್ಲ. ಹವಾಲ್ದಾರನಿಗೆ ಇರಬೇಕು.

ಹೊಸೂರಿನವ – ಭಾನುವಾರ, ರಾತ್ರಿ 10.20

ಇಷ್ಟು ಚರ್ಚೆ ಏಕೆ? ಎಲ್ಲ ಕಡೆ ಹೀಗೆಯೇ. ಕಾರ್ಖಾನೆಯಲ್ಲಿ ನಾವೂ ತಪಾಸಣೆಯ ಹಾಳೆಯನ್ನು ಊಟದ ಬಿಡುವಿನಲ್ಲಿ ಒಟ್ಟಿಗೆ ತುಂಬುತ್ತೇವೆ. ದಿನಸಿ ಹಂಚುವ ನಿಮ್ಮ ಕ್ವಾರ್ಟರ್‌ ಮಾಸ್ಟರ್ ಹವಾಲ್ದಾರರು ತಕ್ಕಡಿಯಲ್ಲಿ ಮಾಂಸ ಹೇಗೆ ತೂಗುತ್ತಾರೆ ಎಂಬುದನ್ನು ನನ್ನ ಚಿಕ್ಕಪ್ಪ ಹೇಳುತ್ತಿದ್ದರು. ಬೇಲಿಯೇ ಎದ್ದು ಹೊಲ ಮೇಯುವಲ್ಲಿ ಒಂದೂವರೆ ನಿಮಿಷದ ಚಿಂತೆ!

ಕಾಸರಗೋಡಿನ ವಕೀಲ – ಸೋಮವಾರ, ಬೆಳಿಗ್ಗೆ 7.15

ಸುಬೇದಾರ್ ಸಾಹೇಬರ ಕರುಣೆ ದೊಡ್ಡದು, ಆದರೆ ಆ ಕರುಣೆಯ ಕಾಗದಕ್ಕೆ ಸಹಿ ಹಾಕುವವನು ಈ ಹುಡುಗ. 1950ರ ಸೇನಾ ಕಾಯ್ದೆಯ 57ನೇ ಕಲಂ ಇರುವುದೇ ಸರಕಾರಿ ದಾಖಲೆಯಲ್ಲಿ ಗೊತ್ತಿದ್ದೂ ಸುಳ್ಳು ಬರೆಯುವವರಿಗಾಗಿ. ವರದಿ, ಪಟ್ಟಿ, ಪ್ರಮಾಣಪತ್ರ, ಪುಸ್ತಕ ಎಲ್ಲವೂ ಅದರೊಳಗೆ ಬರುತ್ತವೆ. ತಾನೇ ಬರೆಯಬೇಕೆಂದಿಲ್ಲ, ಬರೆಯುವುದು ತಿಳಿದೂ ಜತೆಗಿದ್ದರೆ ಸಾಕು. 58ನೇ ಕಲಂ ಇನ್ನೊಂದು ಹೆಜ್ಜೆ ಮುಂದೆ: ಶಸ್ತ್ರ, ಬಟ್ಟೆ, ದಿನಸಿಗಳ ಕಾಗದದಲ್ಲಿ ಮುಖ್ಯ ಜಾಗವನ್ನು ಮೋಸದಿಂದ ಖಾಲಿ ಬಿಟ್ಟು ಸಹಿ ಹಾಕುವುದೇ ಅಪರಾಧ. ಹೊಸೂರಿನವರು ಹೇಳಿದ ತಕ್ಕಡಿಯನ್ನು ಕಾನೂನು ಆಗಲೇ ಕಂಡಿತ್ತು.

ಚಹಾ ಕುಡಿಸಿ ಹೇಳಿದವರು ನಾಳೆ "ನಾನು ಹೇಳಲೇ ಇಲ್ಲ" ಎನ್ನಬಹುದು. ಹಾಳೆಯಲ್ಲಿ ಇರುವುದು ಅಳಿಯನ ಅಕ್ಷರ.

ಮಡಕಶಿರಾ ಹುಡುಗ – ಸೋಮವಾರ, ಬೆಳಿಗ್ಗೆ 9.30

ದೊಡ್ಡವರ ನಡುವೆ ಮಾತನಾಡುತ್ತಿದ್ದೇನೆ, ತಪ್ಪಿದ್ದರೆ ಕ್ಷಮಿಸಿ. ನಾನು ಅಗ್ನಿವೀರ್ ಭರ್ತಿಗಾಗಿ ಓಡುತ್ತಿದ್ದೇನೆ. ಮೇಲಿನವರು ಹೇಳಿದ್ದನ್ನು ಮಾಡದಿದ್ದರೆ ಅದು ಅವಿಧೇಯತೆ ಆಗುವುದಿಲ್ಲವೇ? ಜೀವಕ್ಕೆ ಅಪಾಯವಿದ್ದರೂ ಮೇಲಧಿಕಾರಿಯ ಆಜ್ಞೆ ಪಾಲಿಸುತ್ತೇನೆ ಎಂದೇ ಕಸಮ್ ಪರೇಡಿನಲ್ಲಿ ಪ್ರಮಾಣ ಮಾಡಿಸುತ್ತಾರೆ ಎಂದು ನಮ್ಮ ಕೋಚಿಂಗಿನ ಸರ್ ಹೇಳಿದ್ದರು.

ಇನ್ನೊಂದು ಮಾತು. ನಮಗೆ 1.6 ಕಿಲೋಮೀಟರ್ ಓಟ. 5 ನಿಮಿಷ 30 ಸೆಕೆಂಡಿನೊಳಗೆ ಬಂದರೆ 60 ಅಂಕ. ಕಳೆದ ಸಲ ನಾನು ಪಾಸಾಗುವ ಕೊನೆಯ ಮಿತಿಯನ್ನೇ ನಾಲ್ಕು ಸೆಕೆಂಡಿಗೆ ತಪ್ಪಿಸಿಕೊಂಡು ಹೊರಬಿದ್ದೆ. ನನ್ನ ಹಿಂದೆ ಹಗ್ಗ ಎಳೆದುಬಿಟ್ಟರು. ಅಪ್ಪ ಹೊರಗೆ ಆಟೋದಲ್ಲಿ ಕಾಯುತ್ತಿದ್ದರು. ನನ್ನ ನಾಲ್ಕು ಸೆಕೆಂಡನ್ನು ಯಾರೂ ತಿದ್ದಿ ಬರೆಯಲಿಲ್ಲ.

ಕಾಸರಗೋಡಿನ ವಕೀಲ – ಸೋಮವಾರ, ಬೆಳಿಗ್ಗೆ 10.05

ತಮ್ಮಾ, ಒಳ್ಳೆಯ ಪ್ರಶ್ನೆ. ಅವಿಧೇಯತೆಯ 41ನೇ ಕಲಂ ಶಿಕ್ಷೆ ಹೇಳುವುದು ಕಾನೂನುಬದ್ಧ ಆಜ್ಞೆಯನ್ನು ಮೀರಿದವನಿಗೆ. ಸುಳ್ಳು ಬರೆ ಎನ್ನುವುದು ಆ ಮಾತಿನೊಳಗೆ ಬರುವುದೇ ಇಲ್ಲ. ಅನ್ಯಾಯವಾಯಿತು ಎನಿಸಿದ ಜವಾನ ದೂರು ಕೊಡುವ ದಾರಿಯನ್ನು 26ನೇ ಕಲಂ ತೋರಿಸುತ್ತದೆ. ಅಲ್ಲೂ ಸಾಲದಿದ್ದರೆ 2007ರ ಕಾಯ್ದೆಯಿಂದ ಬಂದ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ, ನಮಗೆ ಹತ್ತಿರದ್ದು ಕೊಚ್ಚಿಯ ಪೀಠ. ಹಾಗೆಂದು ಮೂರು ಹೆಸರಿನ ಪಟ್ಟಿಗಾಗಿ ಕೊಚ್ಚಿಯ ಬಸ್ ಹತ್ತು ಎನ್ನುತ್ತಿಲ್ಲ.

ನಿನ್ನ ಎರಡನೆಯ ಮಾತನ್ನು ಇಲ್ಲಿ ಇನ್ನೂ ಯಾರೂ ಎತ್ತಿರಲಿಲ್ಲ. ಅಗ್ನಿಪಥ ಬಂದದ್ದು 2022ರಲ್ಲಿ. ನಾಲ್ಕು ವರ್ಷ ಮುಗಿದ ಮೇಲೆ ಒಂದು ತಂಡದ ಶೇ 25ರಷ್ಟು ಮಂದಿಯವರೆಗೆ ಕಾಯಂ, ಉಳಿದವರು ಮನೆಗೆ. ಆಯ್ಕೆ ನಾಲ್ಕು ವರ್ಷದ ಸಾಧನೆಯನ್ನು ನೋಡಿ. ಹಿಂದೆ ಹವಾಲ್ದಾರ ಒಬ್ಬನಿಗೆ ಒಂದು ನಿಮಿಷ ದಾನ ಮಾಡಿದರೆ ಇನ್ನೊಬ್ಬನಿಂದ ಕಿತ್ತುಕೊಂಡಂತೆ ಮೇಲುನೋಟಕ್ಕೆ ಕಾಣುತ್ತಿರಲಿಲ್ಲ. ಈಗ ಕಾಣುತ್ತದೆ. ಆ ಮೂವರಲ್ಲಿ ಒಬ್ಬ ಅಗ್ನಿವೀರನಾಗಿದ್ದರೆ ಅವನ ಸುಳ್ಳು 27 ನಿಮಿಷ ಪಕ್ಕದ ಹಾಸಿಗೆಯವನ ನೌಕರಿಯನ್ನೇ ತಿನ್ನಬಹುದು.

ತಾಳವಾಡಿ ಸಾರ್ಜೆಂಟ್ – ಸೋಮವಾರ, ಮಧ್ಯಾಹ್ನ 1.10

ನಾನು ವಾಯುಪಡೆಯವನು. ಸಾಂಬ್ರಾದಲ್ಲಿ ತರಬೇತಿ, ಆಮೇಲೆ 20 ವರ್ಷ ವಿಮಾನದ ಹೊಟ್ಟೆಯ ಕೆಳಗೆ. ಹವಾಲ್ದಾರರಿಗೆ ಸರಿಸಮನಾದ ಹುದ್ದೆಗೆ ನಮ್ಮಲ್ಲಿ ಸಾರ್ಜೆಂಟ್ ಎಂದೇ ಹೆಸರು. ನಮ್ಮ ಧರ್ಮಸಂಕಟವೆಲ್ಲ ಒಂದು ಪುಸ್ತಕದಲ್ಲಿರುತ್ತದೆ, ಅದನ್ನು ಎಫ್-700 ಎನ್ನುತ್ತೇವೆ. ವಿಮಾನಕ್ಕೆ ಏನು ಮಾಡಿದೆವು, ಯಾರು ಮಾಡಿದರು, ಯಾರು ನೋಡಿದರು ಎಲ್ಲವೂ ಅದರಲ್ಲಿ. ಪೈಲಟ್ ಅದನ್ನು ಓದಿ ಸಹಿ ಹಾಕಿ ಏಣಿ ಹತ್ತುತ್ತಾನೆ. ನಟ್ಟು ಬಿಗಿಯಾಗಿದೆಯೇ ಎಂದು ಅವನು ಇಳಿದು ನೋಡುವುದಿಲ್ಲ. ನನ್ನ ಸಹಿಯನ್ನು ನೋಡುತ್ತಾನೆ, ಅಷ್ಟೇ.

ಒಂದು ರಾತ್ರಿಯ ಕಥೆ. ನಮ್ಮ ಉಪಕರಣದ ಹಲಗೆಯ ಮೇಲೆ ಪ್ರತಿಯೊಂದು ಉಪಕರಣದ ಆಕಾರವನ್ನು ಬಣ್ಣದಲ್ಲಿ ಬರೆದಿರುತ್ತದೆ. ಕೆಲಸ ಮುಗಿದ ಮೇಲೆ ಎಲ್ಲವೂ ಅದರದರ ನೆರಳಿನ ಮೇಲೆ ಕೂರಬೇಕು. ಹನ್ನೊಂದು ಗಂಟೆಗೆ ನೋಡಿದರೆ ಒಂದು ಗಿಡ್ಡ ಸ್ಕ್ರೂಡ್ರೈವರಿನ ಆಕಾರ ಖಾಲಿ. ಬೆಳಿಗ್ಗೆ ಐದಕ್ಕೆ ವಿಮಾನ ಹಾರಬೇಕು. ಜತೆಗಿದ್ದವ, "ಆಚೆ ಪೆಟ್ಟಿಗೆಯಲ್ಲಿರುತ್ತದೆ ಸರ್, ಸಹಿ ಹಾಕಿ" ಎಂದ. ಇದ್ದರೂ ಇರಬಹುದು. ಆದರೆ ಎಂಜಿನಿನ ಒಳಗೆ ಇದ್ದರೆ? ನಾನು ಸಹಿ ಹಾಕಲಿಲ್ಲ. ಮತ್ತೆ ಮುಚ್ಚಳ ಬಿಚ್ಚಿ, ಟಾರ್ಚು ಹಿಡಿದು, ಮೂರು ಗಂಟೆಯವರೆಗೆ ಹುಡುಕಿದೆವು. ಸಿಕ್ಕಿದ್ದು ಎಲ್ಲಿ ಗೊತ್ತೇ? ಪಾಳಿ ಮುಗಿಸಿ ಹೋದ ಹುಡುಗನ ಕ್ವಾರ್ಟರಿನ ಹಿಂದೆ, ತಂತಿಯ ಮೇಲೆ ಒಣಗಲು ಹಾಕಿದ ಮೇಲಂಗಿಯ ತೊಡೆಯ ಜೇಬಿನಲ್ಲಿ. ಅವನ ಹೆಂಡತಿ ಅದರ ಸಮೇತ ಒಗೆದಿದ್ದಳು!

ಹುಡುಗನನ್ನು ನಾನು ಬೈಯಲಿಲ್ಲ. ಎಬ್ಬಿಸಿದ ಕೂಡಲೇ ಜೇಬು ತಡಕಿಕೊಂಡು "ನನ್ನಲ್ಲಿತ್ತು" ಎಂದ. ಆ ಮಾತು ಹೇಳಿದವನಿಗೆ ಬೈದರೆ ಮುಂದಿನ ಸಲ ಅದನ್ನು ಬಾವಿಗೆ ಎಸೆದು ಬರುತ್ತಾನೆ. ನಿಮ್ಮ ಅಳಿಯ ಯೋಚಿಸಬೇಕಾದದ್ದು ಇಲ್ಲಿಯೂ ಇದೆ: ಓಟದಲ್ಲಿ ತಡವಾದದ್ದನ್ನು ಹೇಳಿದರೆ ಪೆಟ್ಟು ಎಂದು ಕಲಿತ ತಂಡ, ನಾಳೆ ಗುಂಡು ಕಡಿಮೆ ಇದ್ದರೂ ಪೂರ್ತಿ ಇದೆ ಎಂದೇ ಹೇಳುತ್ತದೆ.

ಅಮೆರಿಕದವರು ಸಾರ್ಜೆಂಟ್ ಮೇಜರ್‌ಗಳಿಗೆಂದೇ 1972ರಿಂದ ಟೆಕ್ಸಾಸಿನ ಫೋರ್ಟ್ ಬ್ಲಿಸ್‌ನಲ್ಲಿ ಅಕಾಡೆಮಿ ನಡೆಸುತ್ತಾರೆ. ಸಾರ್ಜೆಂಟನೇ ಸೇನೆಯ ಬೆನ್ನೆಲುಬು ಎಂಬ ಪ್ರತಿಜ್ಞೆಯನ್ನು ಬಾಯಿಪಾಠ ಮಾಡಿಸುತ್ತಾರೆ. ಆದರೂ ಇರಾಕಿನ ಅಬೂ ಘ್ರೈಬ್ ಸೆರೆಮನೆಯಲ್ಲಿ ಕೈದಿಗಳನ್ನು ಹಿಂಸಿಸಿ ಚಿತ್ರ ತೆಗೆದ ಪ್ರಕರಣದಲ್ಲಿ ಎಂಟು ವರ್ಷ ಶಿಕ್ಷೆಯಾದ ಐವನ್ ಫ್ರೆಡರಿಕ್ ಸ್ಟಾಫ್ ಸಾರ್ಜೆಂಟ್. ಊರಿನಲ್ಲಿ ಅವನ ಉದ್ಯೋಗವೇ ಸೆರೆಮನೆಯ ಕಾವಲು. ಕೈದಿಯನ್ನು ಹೇಗೆ ನೋಡಿಕೊಳ್ಳಬೇಕೆಂದು ತಿಳಿಯದವನಲ್ಲ. 2004ರ ಜನವರಿಯಲ್ಲಿ ಆ ಚಿತ್ರಗಳ ಸಿಡಿಯನ್ನು ತನಿಖೆಯವರಿಗೆ ಒಪ್ಪಿಸಿದ ಜೋಸೆಫ್ ಡಾರ್ಬಿ ಅವನಿಗಿಂತ ಕೆಳಗಿನ ದರ್ಜೆಯವನು. ಪ್ರತಿಜ್ಞೆ ಬಾಯಿಪಾಠವಾಗಿದ್ದವನ ಕಣ್ಣೆದುರು ನಡೆದದ್ದನ್ನು ಹೊರಗೆ ಹಾಕಿದವನು ತೋಳಿನಲ್ಲಿ ಪಟ್ಟಿಯಿಲ್ಲದವನು.

ಪೆರ್ಲದ ಮಗಳು – ಸೋಮವಾರ, ಸಂಜೆ 6.25

ನಾನು ಸೈನಿಕಳಲ್ಲ, ಹವಾಲ್ದಾರನ ಮಗಳು. ಅಪ್ಪ ತೀರಿಕೊಂಡು ಆರು ವರ್ಷವಾಯಿತು. ನೀವೆಲ್ಲ ಹೊಗಳುವ ತರಹದ ಹವಾಲ್ದಾರ. ಅವರ ರಜೆಯ ಪಟ್ಟಿಯಲ್ಲಿ ಯಾರಿಗೂ ಅನ್ಯಾಯವಾದದ್ದಿಲ್ಲವಂತೆ. ಏಕೆ ಆಗಲಿಲ್ಲ ಎಂದು ನನಗೆ ಗೊತ್ತು: ಜನ ಸಾಲದಾದಾಗ ಅವರು ಹೊಡೆದುಹಾಕುತ್ತಿದ್ದದ್ದು ತಮ್ಮದೇ ಹೆಸರು. ನನ್ನ ಹತ್ತನೆಯ ತರಗತಿಯ ಫಲಿತಾಂಶ, ಅಜ್ಜಿಯ ಉತ್ತರಕ್ರಿಯೆ, ನನ್ನ ಮದುವೆಯ ನಿಶ್ಚಿತಾರ್ಥ, ಮೂರಕ್ಕೂ ಅವರಿಲ್ಲ. ವರ್ಷಕ್ಕೆ 60 ದಿನ ವಾರ್ಷಿಕ, 30 ದಿನ ಕ್ಯಾಶುವಲ್ ಎಂದು ಕಾಗದದಲ್ಲಿ. ನಮ್ಮ ಪಾಲಿಗೆ ಅದರಲ್ಲಿ ಎಷ್ಟು ಬಂತು ಎಂದು ಅಮ್ಮ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಿದ್ದರು. ಮನೆ ಬದಲಿಸುವಾಗ ಆ ಕ್ಯಾಲೆಂಡರುಗಳು ಸಿಕ್ಕವು. ಎಣಿಸಲು ಹೋಗಲಿಲ್ಲ.

ಡೆಹ್ರಾಡೂನಿನ ಮಿಲಿಟರಿ ಅಕಾಡೆಮಿಯಲ್ಲಿ 1932ರಲ್ಲಿ ಆಗಿನ ಸೇನಾ ಮುಖ್ಯಸ್ಥ ಚೆಟ್‌ವುಡ್ ಹೇಳಿದ ಮಾತನ್ನು ಅಪ್ಪ ಮೇಜಿನ ಗಾಜಿನ ಕೆಳಗೆ ಇಟ್ಟಿದ್ದರು. ಮೊದಲು ದೇಶ, ಆಮೇಲೆ ನಿನ್ನ ಕೈಕೆಳಗಿನವರು, ಕೊನೆಗೆ, ಯಾವಾಗಲೂ ಕೊನೆಗೆ, ನೀನು. ಅಧಿಕಾರಿಗಳಿಗೆ ಹೇಳಿದ ಮಾತಂತೆ, ಹವಾಲ್ದಾರರೂ ಪಾಲಿಸುತ್ತಾರೆ. ಆ "ನೀನು" ಎಂಬುದರೊಳಗೆ ನಾವೂ ಸೇರಿದ್ದೆವು. ನಮ್ಮನ್ನು ಯಾರೂ ಕೇಳಿರಲಿಲ್ಲ.

ಅಪ್ಪ ತಪ್ಪು ಮಾಡಿದರು ಎನ್ನುತ್ತಿಲ್ಲ. ಹವಾಲ್ದಾರ್ ಮಾವ, ನಿಮ್ಮ ಅಳಿಯ ಮಂಗಳವಾರ ಸತ್ಯ ಬರೆದರೆ ಅದರ ಬೆಲೆಯನ್ನು ಯಾರ ರಜೆಯಿಂದ ಕಳೆಯುತ್ತಾರೆ ಎಂದು ನಿಮಗೂ ಗೊತ್ತಿದೆ. ಅವನಿಗೆ ಮದುವೆಯಾಗಿದ್ದರೆ ಅವಳಿಗೂ ಒಂದು ಮಾತು ಹೇಳಲು ಹೇಳಿ. "ಅಮ್ಮನಿಗೆ ಹೇಳಬೇಡಿ" ಎಂದು ಶುರುವಾಗುವ ಯಾವ ಮಾತೂ ನನಗೆ ಸರಿಬರುವುದಿಲ್ಲ.

ಮುಳ್ಳೇರಿಯ ಹವಾಲ್ದಾರ – ಸೋಮವಾರ, ರಾತ್ರಿ 8.15

ಮಗಳೇ, ನಿನ್ನದು ಓದಿ ಸ್ವಲ್ಪ ಹೊತ್ತು ಏನೂ ಬರೆಯಲಾಗಲಿಲ್ಲ. ನನ್ನ ಹೆಂಡತಿಗೆ ಓದಿ ಹೇಳಿದೆ. "ಸರಿಯಾಗಿ ಬರೆದಿದ್ದಾಳೆ" ಎಂದು ಒಳಗೆ ಹೋದಳು. ಅಳಿಯನಿಗೆ ಮದುವೆಯಾಗಿಲ್ಲ. ಆದರೂ ಅಮ್ಮನಿಗೆ ನೀನೇ ಹೇಳು ಎಂದು ಹೇಳಿದ್ದೇನೆ.

ರಜೆಯ ಪಟ್ಟಿ ಎಂದಾಗ ನೆನಪಾಯಿತು. ನಮ್ಮ ಪಲ್ಟಣದಲ್ಲಿ ದಕ್ಷಿಣದ ನಾಲ್ಕೂ ಭಾಷೆಯವರಿದ್ದರು. ಓಣಂ, ಪೊಂಗಲ್, ಯುಗಾದಿ, ದೀಪಾವಳಿ, ಎಲ್ಲದಕ್ಕೂ ಎಲ್ಲರಿಗೂ ಮನೆ ಬೇಕು. ಹವಾಲ್ದಾರ ಯಾವ ಭಾಷೆಯವನೋ ಆ ಭಾಷೆಯ ಹಬ್ಬಕ್ಕೆ ರಜೆ ಸಲೀಸು ಎಂಬ ಗುಮಾನಿ ಇದ್ದೇ ಇರುತ್ತದೆ. ಕಾಸರಗೋಡಿನ ನನ್ನ ಪಾಡು ವಿಚಿತ್ರ. ಮಲಯಾಳಿಗಳಿಗೆ ನಾನು ಕನ್ನಡದವನು, ಕನ್ನಡಿಗರಿಗೆ ಕೇರಳದವನು, ಮಂಗಳೂರಿನವನೊಬ್ಬ ಸಿಕ್ಕಿದರೆ ತುಳುವ. ಮೊದಲ ವರ್ಷಗಳಲ್ಲಿ ಇದು ದುಃಖ. ಪಟ್ಟಿ ಬರೆಯುವ ಕೆಲಸ ಬಂದಾಗ ಅದೇ ಅನುಕೂಲವಾಯಿತು: ಮೂರು ಕಡೆಯ ಬೈಗುಳವೂ ಅವರವರ ಭಾಷೆಯಲ್ಲೇ ನನಗೆ ಅರ್ಥವಾಗುತ್ತಿತ್ತು. ಮೂರು ಕಡೆಯಿಂದಲೂ ಸಮನಾಗಿ ಬೈಸಿಕೊಂಡ ವರ್ಷ ಪಟ್ಟಿ ಸರಿಯಿದೆ ಎಂದು ತಿಳಿಯುತ್ತಿದ್ದೆ.

ಹೊಸೂರಿನವರಿಗೆ: ತಕ್ಕಡಿಯ ಮಾತು ಪೂರ್ತಿ ಸುಳ್ಳಲ್ಲ, ನಾನೂ ಕಂಡಿದ್ದೇನೆ. ಆದರೆ 1965ರ ಸೆಪ್ಟೆಂಬರಿನಲ್ಲಿ ಖೇಮಕರಣದ ಅಸಲ್ ಉತ್ತರ್‌ನಲ್ಲಿ ಜೀಪಿನ ಮೇಲಿನ ರಿಕಾಯಿಲ್‌ಲೆಸ್ ಗನ್ನಿನಿಂದ ಪ್ಯಾಟನ್ ಟ್ಯಾಂಕುಗಳನ್ನು ಒಡೆದು, ಪರಮವೀರ ಚಕ್ರ ಪಡೆದ ಅಬ್ದುಲ್ ಹಮೀದರ ಹುದ್ದೆ ಏನು ಗೊತ್ತೇ? ಕಂಪನಿ ಕ್ವಾರ್ಟರ್ ಮಾಸ್ಟರ್ ಹವಾಲ್ದಾರ್. ನೀವು ಮಾಂಸ ಕದಿಯುತ್ತಾರೆ ಎಂದ ಅದೇ ಹುದ್ದೆ.

ಇವತ್ತು ಬೆಳಿಗ್ಗೆ ತೋಟಕ್ಕೆ ಸಿಂಪಡಿಸುವ ಬೋರ್ಡೊ ಮದ್ದು ಕಲಸಿದೆವು. ಮೈಲುತುತ್ತು ಒಂದು ಕಿಲೋ, ಸುಣ್ಣ ಒಂದು ಕಿಲೋ, ನೂರು ಲೀಟರ್ ನೀರು. ಕತ್ತಿಯ ಅಲಗನ್ನು ಅದ್ದಿ ತೆಗೆದರೆ ಕೆಂಪು ಅಡರಿತು. ಸುಣ್ಣ ಸಾಲದು ಎಂದು ಅರ್ಥ. ಮರ ಹತ್ತುವವನು ಸಿದ್ಧನಾಗಿ ನಿಂತಿದ್ದ, ಮೋಡವೂ ಕವಿಯುತ್ತಿತ್ತು. "ಸಾಕು ಬಿಡಿ, ನಡೆಯುತ್ತದೆ" ಎಂದ. ಇನ್ನೊಂದು ಹಿಡಿ ಸುಣ್ಣ ಹಾಕಿ ಮತ್ತೆ ಅದ್ದುವವರೆಗೆ ಅವನ ಮುಖ ನೋಡಬೇಕಿತ್ತು. ಹಲ್ವ ತಂದವನ ದಿನವೂ ಮೋಡವೇ ಇತ್ತು, ನನಗೂ ಅವಸರವಿತ್ತು.

ಸುಬೇದಾರ್ ಸಾಹೇಬರು ಕೇಳಿದ ಪ್ರಶ್ನೆಯನ್ನು ಅಳಿಯನಿಗೆ ಮುಟ್ಟಿಸಿದೆ. ಹಿಂದಿನ ರಾತ್ರಿ ಅವರೆಲ್ಲಿದ್ದರು? ಫೋನಿನಲ್ಲಿ ಸ್ವಲ್ಪ ಹೊತ್ತು ಮೌನ. ಮೂವರಲ್ಲಿ ಇಬ್ಬರು ಗಾರ್ಡಿನಲ್ಲಿದ್ದರಂತೆ. ಗಾರ್ಡಿನ ಪಟ್ಟಿ ಬರೆದವರು ಯಾರು ಎಂದು ಕೇಳಿದೆ.

ಅವನೇ.

ಜತ್ತದ ಸುಬೇದಾರ್ – ಸೋಮವಾರ, ರಾತ್ರಿ 9.00

ನನಗೆ ಗೊತ್ತಿತ್ತು. ಹೊಸ ಹವಾಲ್ದಾರ ಮಾಡುವ ಮೊದಲ ತಪ್ಪೇ ಅದು. ಪರೀಕ್ಷೆಯ ದಿನಾಂಕ ಒಂದು ಕಾಗದದಲ್ಲಿ, ಗಾರ್ಡಿನ ಪಟ್ಟಿ ಇನ್ನೊಂದರಲ್ಲಿ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವುದಿಲ್ಲ. ಕೇಳಿದ ತಕ್ಷಣ "ಹೂಂ, ಹೂಂ" ಎನ್ನುವ ಹುಡುಗರ ಹೆಸರನ್ನೇ ಮತ್ತೆ ಮತ್ತೆ ಬರೆಯುತ್ತಾನೆ. ಎದುರು ಮಾತನಾಡುವವನು ನಿದ್ದೆ ಮಾಡುತ್ತಾನೆ, ಮೆತ್ತಗಿನವನು ನಿಂತೇ ಇರುತ್ತಾನೆ.

ವಕೀಲರೇ, ನಿಮ್ಮ 57ನೇ ಕಲಮ್ಮಿಗೆ ತಲೆಬಾಗುತ್ತೇನೆ. ನಿನ್ನೆ ನಾನು ಹೇಳಿದ್ದರಲ್ಲಿ ಅರ್ಧ ತಪ್ಪು: ಸುಳ್ಳು ಬರೆಯುವುದು ಕರುಣೆಯಲ್ಲ, ಗಾರ್ಡಿನ ಪಟ್ಟಿಯ ತಪ್ಪನ್ನು ಓಟದ ಪಟ್ಟಿಯಲ್ಲಿ ಮುಚ್ಚುವುದು. ಆದರೆ ಬರೀ ಸತ್ಯ ಬರೆದು ಕೈತೊಳೆದುಕೊಂಡರೆ ಅದೂ ಮುಚ್ಚುವುದೇ. 29.20 ಎಂದು ಬರೆಯಲಿ. ಪಕ್ಕದಲ್ಲಿ "ಹಿಂದಿನ ರಾತ್ರಿ ಗಾರ್ಡ್, ಪಟ್ಟಿ ನನ್ನದು" ಎಂದೂ ಬರೆಯಲಿ. ಮರುಪರೀಕ್ಷೆ ಕೇಳಲಿ. ಕಷ್ಟ ಎರಡನೆಯ ಸಾಲನ್ನು ಬರೆಯುವುದು. ಮೊದಲನೆಯದಕ್ಕೆ ಕೈಯಲ್ಲಿ ಗಡಿಯಾರವಿದೆ.

ಹೊಸೂರಿನವ – ಸೋಮವಾರ, ರಾತ್ರಿ 9.40

ಅಬ್ದುಲ್ ಹಮೀದರ ಹುದ್ದೆ ನನಗೆ ಗೊತ್ತಿರಲಿಲ್ಲ. ಚಿಕ್ಕಪ್ಪನಿಗೆ ಕೇಳಿದೆ, ಅವರಿಗೆ ಗೊತ್ತಿತ್ತು! ನನಗೆ ಮಾತ್ರ ಮಾಂಸದ ಕಥೆ ಹೇಳಿದ್ದರು. ಆದರೂ ಒಂದು ಮಾತು ಬಿಡಲಾರೆ: ಪಕ್ಕದಲ್ಲಿ ಆ ಸಾಲು ಬರೆದವನ ಎಸಿಆರ್ (ವರ್ಷದ ಗುಪ್ತ ವರದಿ) ಬರೆಯುವವರು ಚಹಾ ಕುಡಿಸಿದ ಸಾಲಿನವರೇ ಅಲ್ಲವೇ?

ಕಾಸರಗೋಡಿನ ವಕೀಲ – ಸೋಮವಾರ, ರಾತ್ರಿ 10.30

ಹೌದು, ಅವರ ಸಾಲಿನವರೇ. ಅದನ್ನು ಯಾವ ಕಲಮ್ಮೂ ಪೂರ್ತಿ ತಡೆಯುವುದಿಲ್ಲ.

ಓಟದ ವಿಷಯ ಸಣ್ಣದು ಎನ್ನುವವರಿಗೆ ಇಷ್ಟು ಹೇಳಿ ಮಲಗುತ್ತೇನೆ. 1958ರ ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯ್ದೆಯ 4ನೇ ಕಲಂ, ಗೊಂದಲದ ಪ್ರದೇಶದಲ್ಲಿ ಎಚ್ಚರಿಕೆ ಕೊಟ್ಟು ಪ್ರಾಣ ಹೋಗುವಷ್ಟರ ಮಟ್ಟಿಗೂ ಗುಂಡು ಹಾರಿಸುವ ಅಧಿಕಾರವನ್ನು ಕೊಡುವುದು ಯಾರಿಗೆ? ಕಮಿಷನ್ಡ್ ಅಧಿಕಾರಿಗೆ ಮಾತ್ರ ಎಂದು ಹಲವರು ತಿಳಿದಿದ್ದಾರೆ. ಅಲ್ಲ. ನಾನ್ ಕಮಿಷನ್ಡ್ ಅಧಿಕಾರಿಯ ಹೆಸರೂ ಅದರಲ್ಲಿದೆ. ಎಂದರೆ ಈ ಅಳಿಯನಂಥವರು. ಅವನ ಸಿಪಾಯಿಗೆ ಆ ಅಧಿಕಾರವಿಲ್ಲ. 1997ರಲ್ಲಿ ಸುಪ್ರೀಂ ಕೋರ್ಟು ಈ ಕಾಯ್ದೆಯನ್ನು ಎತ್ತಿಹಿಡಿಯುವಾಗ, ಸೇನೆಯೇ ಮಾಡಿಕೊಂಡ "ಮಾಡಬೇಕಾದದ್ದು, ಮಾಡಬಾರದ್ದು" ಎಂಬ ಸೂಚನೆಗಳನ್ನು ಪಾಲಿಸಲೇಬೇಕು ಎಂದಿತು. ಆ ರಾತ್ರಿ ಏನಾಯಿತು ಎಂದು ಮರುದಿನ ಕಾಗದದಲ್ಲಿ ಬರೆಯುವವನೂ ಹೆಚ್ಚಾಗಿ ಅವನೇ. 29.20 ಅನ್ನು 27.40 ಎಂದು ಬರೆದು ರೂಢಿಯಾದ ಕೈಯಲ್ಲೇ ಆ ಕಾಗದವೂ ಬರೆಯಬೇಕಾಗುತ್ತದೆ.

ಮುಳ್ಳೇರಿಯ ಹವಾಲ್ದಾರ – ಬುಧವಾರ, ರಾತ್ರಿ 7.50

ನಿನ್ನೆ ಕಾಯುತ್ತಾ ಕುಳಿತೆ, ಫೋನು ಬರಲಿಲ್ಲ. ಇವತ್ತು ಬಂತು.

ಹಲ್ವದ ಕಥೆಯನ್ನು ಅವನಿಗೆ ಭಾನುವಾರವೇ ಹೇಳಬೇಕಿತ್ತು, ಸೋಮವಾರ ರಾತ್ರಿ ಹೇಳಿದೆ. ಕೇಳಿ, "ಮಾವ, ನೀವು ತಿಂದಿರಾ?" ಎಂದು ಎರಡು ಸಲ ಕೇಳಿದ. ಕಾಲು ಮುರಿದದ್ದಕ್ಕಿಂತ ಅದೇ ಅವನಿಗೆ ದೊಡ್ಡದಾಗಿ ಕಂಡಿತೋ ಏನೋ.

ಮಂಗಳವಾರ ಮೂರೂ ಸಮಯವನ್ನು ಇದ್ದಂತೆ ಬರೆದ. ಗಾರ್ಡಿನ ಸಾಲನ್ನೂ ಬರೆದು, ಮೊದಲು ಚಹಾ ಕುಡಿಸಿದವರಿಗೇ ತೋರಿಸಿದ. ಅವರು ಓದಿ, "ಎರಡನೆಯ ಸಾಲು ಬೇಡ, ನಿನಗೇ ತೊಂದರೆ" ಎಂದರಂತೆ. ಮೊದಲನೆಯ ಸಾಲಿನ ಮಾತನ್ನೇ ಎತ್ತಲಿಲ್ಲವಂತೆ! ಇವನು ಹೊಡೆದುಹಾಕಲಿಲ್ಲ. ಅಧಿಕಾರಿ ಓದಿ, ಇವನನ್ನು ನಿಲ್ಲಿಸಿಕೊಂಡು ಗಾರ್ಡಿನ ಪಟ್ಟಿಯ ಬಗ್ಗೆ ಹತ್ತು ನಿಮಿಷ ಬೈದರು. ಮೂರು ವಾರ ಬಿಟ್ಟು ಮರುಪರೀಕ್ಷೆ. ಓಡಿಸಿ ಸಿದ್ಧ ಮಾಡುವ ಹೊಣೆ ಇವನದೇ. ಬರುವ ತಿಂಗಳ ರಜೆ ಮುಂದಕ್ಕೆ ಹೋಯಿತು. ತಂಗಿಗೆ ಅವನೇ ಫೋನ್ ಮಾಡಿ ಹೇಳಿದ. ಅವಳು ಅತ್ತು, ಆಮೇಲೆ ನನಗೆ ಫೋನ್ ಮಾಡಿ ಬೈದಳು. ಪೆರ್ಲದ ಮಗಳು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿ.

ಅರ್ಧ ಗಂಟೆ ದಾಟಿಸಿದ ಮೂರನೆಯವನು ಗಾರ್ಡಿನಲ್ಲಿ ಇರಲಿಲ್ಲ. ಅವನು ನಿಜವಾಗಿಯೂ ಓಡಲಾರ. ಅವನನ್ನು ಏನು ಮಾಡುವುದು ಎಂದು ಅಳಿಯನಿಗೆ ತೋಚಿಲ್ಲ, ನನಗೂ ತೋಚಿಲ್ಲ.

ಜತ್ತದ ಸುಬೇದಾರ್ – ಬುಧವಾರ, ರಾತ್ರಿ 8.30

ಬರೆದುಕೊಳ್ಳಿ, ಅಳಿಯನಿಗೆ ಕಳುಹಿಸಿ. ಮೊದಲ ವಾರ ಹೊರೆಯೇ ಬೇಡ. ದಿನ ಬಿಟ್ಟು ದಿನ 3 ಕಿಲೋಮೀಟರ್, ಮಾತನಾಡುತ್ತಾ ಓಡುವಷ್ಟು ನಿಧಾನ. ನಡುವಿನ ದಿನ ಏರು ದಾರಿಯಲ್ಲಿ ಜೋರಾಗಿ ಹತ್ತಿ ನಡೆದು ಇಳಿಯುವುದು, ಆರು ಸಲ ಸಾಕು. ಎರಡನೆಯ ವಾರ ಅರ್ಧ ಹೊರೆ. ಮೂರನೆಯ ವಾರ ಪೂರ್ತಿ ಹೊರೆಯಲ್ಲಿ 5 ಕಿಲೋಮೀಟರ್ ಒಂದೇ ಸಲ, ಪರೀಕ್ಷೆಗೆ ನಾಲ್ಕು ದಿನ ಮೊದಲು. ಆಮೇಲೆ ಕಾಲು ಹಗುರ ಮಾಡುವುದಷ್ಟೇ. ಹಿಂದಿನ ಎರಡು ರಾತ್ರಿ ಆ ಮೂವರ ಹೆಸರು ಯಾವ ಪಟ್ಟಿಯಲ್ಲೂ ಇರಕೂಡದು, ಇದನ್ನು ದಪ್ಪ ಅಕ್ಷರದಲ್ಲಿ ಬರೆದುಕೊಳ್ಳಲಿ.

ಮೂರನೆಯವನ ಜತೆ ಅಳಿಯ ತಾನೇ ಓಡಲಿ. ಮುಂದೆ ಅಲ್ಲ, ಪಕ್ಕದಲ್ಲಿ. ಒಂದು ಕಿಲೋಮೀಟರಿಗೇ ಏದುಸಿರು ಬಂದರೆ ಓಟ ನಿಲ್ಲಿಸಿ ಎಂಐ ರೂಮಿಗೆ, ಪಲ್ಟಣದ ವೈದ್ಯರಲ್ಲಿಗೆ, ಕರೆದೊಯ್ಯಲಿ. ನನ್ನ ಪ್ಲಾಟೂನಿನಲ್ಲಿ ಸೋಮಾರಿ ಎಂದು ಎರಡು ವರ್ಷ ರಗಡಾ (ಶಿಕ್ಷೆಯ ಕಸರತ್ತು) ತಿಂದ ಒಬ್ಬನಿಗೆ ಇದ್ದದ್ದು ರಕ್ತಹೀನತೆ. ರಗಡಾ ಕೊಟ್ಟವನು ನಾನೇ.

ಮುಳ್ಳೇರಿಯ ಹವಾಲ್ದಾರ – ಬುಧವಾರ, ರಾತ್ರಿ 8.45

ಕಳುಹಿಸಿದೆ ಸಾಹೇಬರೇ. ಎಂಐ ರೂಮಿನ ಮಾತನ್ನು ಮೊದಲು ಬರೆದು ಕಳುಹಿಸಿದೆ.

ಮಡಕಶಿರಾ ಹುಡುಗ – ಬುಧವಾರ, ರಾತ್ರಿ 9.10

ಸಾಹೇಬರೇ, ಈ ಲೆಕ್ಕದಲ್ಲಿ ನಾನೂ ಓಡಬಹುದೇ? ನನ್ನದು 1.6 ಕಿಲೋಮೀಟರ್ ಮಾತ್ರ.

ಜತ್ತದ ಸುಬೇದಾರ್ – ಬುಧವಾರ, ರಾತ್ರಿ 9.15

ನಿನ್ನದಕ್ಕೆ ಬೇರೆ ಲೆಕ್ಕ, ನಾಳೆ ಬರೆಯುತ್ತೇನೆ. ಈಗ ಎಲ್ಲಿ ಓಡುತ್ತೀ, ಡಾಂಬರಿನ ಮೇಲೆಯೋ ಮಣ್ಣಿನ ಮೇಲೆಯೋ? ಬೂಟು ಯಾವುದು? ಮತ್ತೆ, ನಿನ್ನ ಸಮಯವನ್ನು ನೋಡುವವರು ಯಾರು?

ಮಡಕಶಿರಾ ಹುಡುಗ – ಬುಧವಾರ, ರಾತ್ರಿ 9.20

ಮಣ್ಣಿನ ಮೇಲೆ ಸಾಹೇಬರೇ, ಕೆರೆಯ ಏರಿಯ ಹತ್ತಿರ. ಬೂಟು ಅಣ್ಣನದು, ಒಂದು ಅಳತೆ ದೊಡ್ಡದು. ಸಮಯ ನೋಡುವವರು ಅಪ್ಪ.